ಬೆಳಗ್ಗೆ ಕಾರನ್ನು ಹತ್ತು ನಿಮಿಷ ಬಿಸಿ ಮಾಡಬೇಕೇ? ‘ಸೆಲ್ಫ್’ ಕೊಟ್ಟ ಚಾರ್ಲ್ಸ್ ಕೆಟರಿಂಗ್ ಕಥೆ

ಹೊಸ ಕಾರು ಮನೆಗೆ ಬಂದು, ಪೂಜೆ ಮುಗಿದು, ಚಕ್ರದ ಕೆಳಗಿನ ನಿಂಬೆಹಣ್ಣು ಅಪ್ಪಚ್ಚಿಯಾದ ಕೂಡಲೇ ಸಲಹೆಗಳು ಶುರುವಾಗುತ್ತವೆ. ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಹಾಗೇ ಬಿಡಬೇಕಂತೆ. ಸ್ಟಾರ್ಟ್ ಮಾಡುವ ಮುಂಚೆ ಎರಡು ಸಲ ಆಕ್ಸಿಲರೇಟರ್ ತುಳಿಯಬೇಕಂತೆ. ಕಂಪನಿಯವರು ಏನೇ ಹೇಳಲಿ, 500 ಕಿ.ಮೀ.ಗೇ ಆಯಿಲ್ ಬದಲಿಸಬೇಕಂತೆ. ಆಯಿಲ್ ಕಪ್ಪಾದರೆ ಎಂಜಿನ್ ಕಥೆ ಮುಗಿಯಿತಂತೆ. ಅರ್ಧ ಸಲಹೆ ದೊಡ್ಡಪ್ಪನಿಂದ, ಇನ್ನರ್ಧ ಫ್ಯಾಮಿಲಿ ಗ್ರೂಪಿನ ಫಾರ್ವರ್ಡ್‌ನಿಂದ.

ಇವನ್ನೆಲ್ಲ ಸುಳ್ಳು ಎಂದು ತಳ್ಳಿಹಾಕಿದರೆ ದೊಡ್ಡಪ್ಪನಿಗೆ ಅನ್ಯಾಯ ಮಾಡಿದಂತೆ. ಇವುಗಳಲ್ಲಿ ಹೆಚ್ಚಿನವು ಒಂದು ಕಾಲದಲ್ಲಿ ನಿಜವೇ ಆಗಿದ್ದವು. ಕಾಲ ಬದಲಾಯಿತು, ಎಂಜಿನ್ ಬದಲಾಯಿತು, ಸಲಹೆ ಮಾತ್ರ ಹಾಗೇ ಉಳಿಯಿತು. ಯಾವುದು ಇನ್ನೂ ನಿಜ, ಯಾವುದು ಅಲ್ಲ ಎಂದು ತಿಳಿಯಲು ಒಬ್ಬ ಎಂಜಿನಿಯರ್‌ನ ಜೀವನ ನೋಡುವುದು ಒಳ್ಳೆಯ ದಾರಿ. ನಾವು ಕಾರಿಗೆ ‘ಸೆಲ್ಫ್ ಹೊಡಿ’ ಎನ್ನುತ್ತೇವಲ್ಲ, ಆ ಸೆಲ್ಫ್ ಅವರದ್ದೇ.

ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಒಹಾಯೊ ರಾಜ್ಯದ ಲೌಡನ್‌ವಿಲ್ ಬಳಿಯ ಒಂದು ರೈತ ಕುಟುಂಬದಲ್ಲಿ. ಹುಡುಗನಿಗೆ ಓದುವ ಆಸೆ ಬಹಳ, ಕಣ್ಣು ಮಾತ್ರ ಸಹಕರಿಸುತ್ತಿರಲಿಲ್ಲ. ಹೆಚ್ಚು ಹೊತ್ತು ಪುಸ್ತಕ ಹಿಡಿದರೆ ತಲೆನೋವು. ಕೆಲಕಾಲ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು, ಆಮೇಲೆ ಕಾಲೇಜು, ಕಣ್ಣಿನ ತೊಂದರೆಯಿಂದ ಕಾಲೇಜು ಬಿಟ್ಟು ಟೆಲಿಫೋನ್ ತಂತಿ ಎಳೆಯುವ ಗ್ಯಾಂಗಿನಲ್ಲಿ ಕೆಲಸ, ಮತ್ತೆ ಕಾಲೇಜು. 1904ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಸಿಕ್ಕಾಗ ಅವರಿಗೆ 27 ವರ್ಷ.

ಕೆಲಸ ಸಿಕ್ಕಿದ್ದು ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಯಂತ್ರಕ್ಕೆ ಆಗ ಕೈಯಿಂದ ಹಿಡಿ ತಿರುಗಿಸಬೇಕಿತ್ತು. ಅದಕ್ಕೊಂದು ಎಲೆಕ್ಟ್ರಿಕ್ ಮೋಟಾರ್ ಜೋಡಿಸುವುದು ಕೆಟರಿಂಗ್ ಪಾಲಿಗೆ ಬಂತು. ತೊಂದರೆ ಏನೆಂದರೆ, ಅಷ್ಟು ಶಕ್ತಿ ಕೊಡುವ ಮೋಟಾರ್ ಪೆಟ್ಟಿಗೆಯೊಳಗೆ ಹಿಡಿಸುವುದಿಲ್ಲ. ಕೆಟರಿಂಗ್ ಯೋಚಿಸಿದ ರೀತಿ ಬೇರೆ. ಗಲ್ಲಾಪೆಟ್ಟಿಗೆಯ ಮೋಟಾರ್ ಹಿಟ್ಟಿನ ಗಿರಣಿಯ ಮೋಟಾರಿನಂತೆ ದಿನವಿಡೀ ಓಡಬೇಕಿಲ್ಲ. ಒಂದು ಸಲಕ್ಕೆ ಒಂದೆರಡು ಸೆಕೆಂಡ್ ಓಡಿದರೆ ಸಾಕು. ಚಿಕ್ಕ ಮೋಟಾರ್ ಮೂಲಕ ಅದರ ತಾಕತ್ತಿಗಿಂತ ಹೆಚ್ಚು ಕರೆಂಟ್ ಹರಿಸಿದರೂ ಅದು ಬಿಸಿಯಾಗಿ ಸುಡುವ ಮುಂಚೆ ಕೆಲಸ ಮುಗಿದಿರುತ್ತದೆ. ಈ ಒಂದು ಯೋಚನೆಯನ್ನು ನೆನಪಿನಲ್ಲಿಡಿ, ನಿಮ್ಮ ಕಾರಿಗೂ ಇದು ಬೇಕಾಗುತ್ತದೆ.

1909ರಲ್ಲಿ ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಕೆಟರಿಂಗ್ ಸ್ವಂತ ಕಂಪನಿ ಕಟ್ಟಿದರು. ಹೆಸರು ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ, ಚಿಕ್ಕದಾಗಿ ಡೆಲ್ಕೊ. ಹೆಸರು ದೊಡ್ಡದು, ಜಾಗ ಮಾತ್ರ ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆ. ಅಲ್ಲಿ ತಯಾರಾದ ಹೊಸ ಇಗ್ನಿಷನ್ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಾರು ಕಂಪನಿಯ ಹೆನ್ರಿ ಲೆಲಂಡ್ ಕೊಂಡರು. ಅವರಿಗೆ ಇನ್ನೊಂದು ವಸ್ತುವೂ ಬೇಕಿತ್ತು. ಕೈ ಹಚ್ಚದೆ ಎಂಜಿನ್ ಸ್ಟಾರ್ಟ್ ಮಾಡುವ ಉಪಾಯ.

ಕೈ ಮುರಿಯುತ್ತಿದ್ದ ಕಾಲ

ಆಗಿನ ಕಾರನ್ನು ಸ್ಟಾರ್ಟ್ ಮಾಡಲು ಮುಂಭಾಗದಲ್ಲಿ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕಿತ್ತು. ಅಂಬಾಸಿಡರ್, ಫಿಯೆಟ್, ಹಳೆಯ ಜೀಪ್ ನೋಡಿದವರಿಗೆ ಇದು ಗೊತ್ತು. ಬ್ಯಾಟರಿ ಸತ್ತ ದಿನಕ್ಕೆಂದು ಅವುಗಳಲ್ಲಿಯೂ ಹ್ಯಾಂಡಲ್ ಇರುತ್ತಿತ್ತು. ಅಮೆರಿಕದಲ್ಲಿ 1910ರ ಸುಮಾರಿಗೆ ಪೆಟ್ರೋಲ್ ಕಾರಿಗೆ ಇದೇ ದಿನನಿತ್ಯದ ದಾರಿ. ಕಿಡಿ ಹಾರುವ ಸಮಯವನ್ನು ಡ್ರೈವರ್ ಕೈಯಿಂದಲೇ ಹಿಂದೆ ಸರಿಸಿ ಇಡಬೇಕಿತ್ತು. ಅದನ್ನು ಮರೆತರೆ ಪಿಸ್ಟನ್ ಮೇಲೆ ತಲುಪುವ ಮೊದಲೇ ಪೆಟ್ರೋಲ್ ಹೊತ್ತಿ, ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಹ್ಯಾಂಡಲ್ ಹಿಡಿದ ಕೈಗೆ ಆ ಒದೆತ ನೇರವಾಗಿ ಬೀಳುತ್ತಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು ಹಿಡಿಯಬೇಕು, ಕೆಳಕ್ಕೆ ಒತ್ತಬಾರದು, ಮೇಲಕ್ಕೆ ಎಳೆಯಬೇಕು ಎಂಬ ನಿಯಮಗಳು ಹುಟ್ಟಿದ್ದು ಹೀಗೆ.

ಮೂಳೆ ಡಾಕ್ಟರುಗಳ ಪುಸ್ತಕದಲ್ಲಿ ಆ ಕಾಲದ ಗುರುತು ಇಂದಿಗೂ ಇದೆ. ಮಣಿಕಟ್ಟಿನ ಹೆಬ್ಬೆರಳಿನ ಬದಿಯ ಮೂಳೆ ಒಂದು ಬಗೆಯಲ್ಲಿ ಮುರಿದರೆ ಅದಕ್ಕೆ ‘ಶೋಫರ್ಸ್ ಫ್ರ್ಯಾಕ್ಚರ್’, ಅಂದರೆ ಡ್ರೈವರ್‌ನ ಮುರಿತ ಎನ್ನುತ್ತಾರೆ. ಕಾರಿನ ಮುಖವನ್ನೇ ನೋಡದೆ ಬೈಕಿನಿಂದ ಬಿದ್ದವರ ಎಕ್ಸ್‌ರೇ ಮೇಲೂ ಅದೇ ಹೆಸರು.

ಇಲ್ಲೊಂದು ಜನಪ್ರಿಯ ಕಥೆಯಿದೆ. ಫಾರ್ವರ್ಡ್‌ಗಳಲ್ಲಿ ಮಾತ್ರವಲ್ಲ, ಪುಸ್ತಕಗಳಲ್ಲಿಯೂ ಇದೆ. 1910ರ ಚಳಿಗಾಲದಲ್ಲಿ ಡೆಟ್ರಾಯಿಟ್‌ನ ಬೆಲ್ ಐಲ್ ದ್ವೀಪದಲ್ಲಿ ಒಬ್ಬ ಮಹಿಳೆಯ ಕ್ಯಾಡಿಲಾಕ್ ನಿಂತುಹೋಯಿತು, ಬೈರನ್ ಕಾರ್ಟರ್ ಎಂಬ ಕಾರು ತಯಾರಕರು ನೆರವಿಗೆ ಹೋಗಿ ಹ್ಯಾಂಡಲ್ ತಿರುಗಿಸಿದರು, ಅದು ದವಡೆಗೆ ಬಡಿದು ಮುಂದೆ ಅವರು ತೀರಿಕೊಂಡರು, ದುಃಖದಿಂದ ಲೆಲಂಡ್ ಸೆಲ್ಫ್ ಸ್ಟಾರ್ಟರ್ ಮಾಡಿಸಿದರು ಎಂದು. ಮನ ಕಲಕುವ ಕಥೆಯೇ. ಆದರೆ ಕಾರ್ಟರ್ ತೀರಿಕೊಂಡದ್ದು 1908ರಲ್ಲಿ. 1910ರ ಚಳಿಯಲ್ಲಿ ಹ್ಯಾಂಡಲ್ ತಿರುಗಿಸಲು ಅವರು ಇರಲೇ ಇಲ್ಲ. ಹ್ಯಾಂಡಲ್ ಅಪಾಯಕಾರಿ ಎಂಬುದಕ್ಕೆ ಈ ಕಥೆಯ ಸಾಕ್ಷಿಯೇ ಬೇಕಿಲ್ಲ, ಮಣಿಕಟ್ಟು ಮುರಿತದ ಹೆಸರು ಸಾಕು.

ಹ್ಯಾಂಡಲ್ ಕಾಟ ತಪ್ಪಿಸಿಕೊಳ್ಳಲು ಅನುಕೂಲಸ್ಥರು ಎಲೆಕ್ಟ್ರಿಕ್ ಕಾರು ಕೊಳ್ಳುತ್ತಿದ್ದರು. ಹೌದು, ಆಗಲೇ ಎಲೆಕ್ಟ್ರಿಕ್ ಕಾರು ಇತ್ತು. ಪೆಟ್ರೋಲ್ ಕಾರಿನ ದೊರೆ ಹೆನ್ರಿ ಫೋರ್ಡ್‌ರ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರನ್ನು.

ಕೊಟ್ಟಿಗೆಯ ತಂಡಕ್ಕೆ ಎದುರಾದದ್ದು ಗಲ್ಲಾಪೆಟ್ಟಿಗೆಯ ಸಮಸ್ಯೆಯೇ, ದೊಡ್ಡ ಗಾತ್ರದಲ್ಲಿ. ಎಂಜಿನ್ ತಿರುಗಿಸಬಲ್ಲ ಮೋಟಾರ್ ಮತ್ತು ಬ್ಯಾಟರಿಯನ್ನು ಇಟ್ಟರೆ ಕಾರಿನಲ್ಲಿ ಕೂರಲು ಜಾಗವೇ ಉಳಿಯುವುದಿಲ್ಲ ಎಂಬುದು ಆಗಿನ ನಂಬಿಕೆ. ಕೆಟರಿಂಗ್ ಹಳೆಯ ಲೆಕ್ಕವನ್ನೇ ಇಲ್ಲಿಯೂ ಹಾಕಿದರು. ಕೆಲವೇ ಸೆಕೆಂಡ್ ಕೆಲಸ, ಚಿಕ್ಕ ಮೋಟಾರ್, ಭಾರಿ ಕರೆಂಟ್. ಎಂಜಿನ್ ಓಡಲು ಶುರುವಾದ ಮೇಲೆ ಅದೇ ಯಂತ್ರ ಜನರೇಟರ್ ಆಗಿ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು, ದೀಪಗಳಿಗೂ ಕರೆಂಟ್ ಕೊಡುತ್ತಿತ್ತು. 1911ರ ಫೆಬ್ರವರಿಯಲ್ಲಿ ಕ್ಯಾಡಿಲಾಕ್‌ನವರ ಮುಂದೆ ಕಾರು ಕೈ ಹಚ್ಚದೆ ಸ್ಟಾರ್ಟ್ ಆಯಿತು. 1912ರ ಮಾದರಿಯ ಕ್ಯಾಡಿಲಾಕ್ ಸೆಲ್ಫ್ ಸ್ಟಾರ್ಟರ್ ಜೊತೆಗೇ ಮಾರುಕಟ್ಟೆಗೆ ಬಂತು. ಪೇಟೆಂಟ್ ಸಿಕ್ಕಿದ್ದು 1915ರಲ್ಲಿ. ಅಗ್ಗದ ಫೋರ್ಡ್ ಮಾಡೆಲ್ ಟಿ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ 1919ರಲ್ಲಿ ಬಂತು. ಬ್ಯಾಟರಿ ಕಾರುಗಳ ಬೇಡಿಕೆ ಕುಸಿಯಲು ಇದೂ ಒಂದು ಕಾರಣ.

ನಿಮ್ಮ ಹೊಸ ಕಾರಿನ ಸ್ಟಾರ್ಟರ್ ಮೋಟಾರ್ ಕೂಡ ಇದೇ ಲೆಕ್ಕದ ಮೇಲೆ ನಿಂತಿದೆ. ಅದು ಸೆಳೆಯುವ ಕರೆಂಟ್ ನೂರು ಆಂಪಿಯರ್ ಮೀರುತ್ತದೆ, ಅದೂ ಕೆಲವೇ ಸೆಕೆಂಡ್‌ಗಳ ಭರವಸೆಯ ಮೇಲೆ. ಆದ್ದರಿಂದಲೇ ಎಂಜಿನ್ ಹಿಡಿಯದಿದ್ದಾಗ ಕೀಲಿಯನ್ನು ಬಿಡದೆ ತಿರುಗಿಸಿ ಹಿಡಿಯಬಾರದು. ಐದರಿಂದ ಹತ್ತು ಸೆಕೆಂಡ್ ನೋಡಿ, ಬಿಟ್ಟು, ಅರ್ಧ ನಿಮಿಷವಾದರೂ ತಣಿಯಲು ಬಿಟ್ಟು ಮತ್ತೆ ನೋಡಿ. ಮೆಕ್ಯಾನಿಕ್‌ಗಳು ಹೇಳುವ ಈ ಮಾತು ಮೂಢನಂಬಿಕೆಯಲ್ಲ.

ಬೆರಳು ಬಿಸಿ, ಎಂಜಿನ್ ತಣ್ಣಗೆ

ಸೆಲ್ಫ್ ಬಂದದ್ದರಿಂದ ಸ್ಟಾರ್ಟ್ ಮಾಡುವವರ ಕಷ್ಟ ಹೋಯಿತು. ಎಂಜಿನ್ನಿನ ಕಷ್ಟ ಹೋಗಲಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಆಯಿಲ್ ಬಹುಪಾಲು ಕೆಳಗಿನ ತಟ್ಟೆಗೆ ಇಳಿದಿರುತ್ತದೆ, ತಣ್ಣಗಾಗಿ ಮಂದವಾಗಿರುತ್ತದೆ. ಸೆಲ್ಫ್ ಹೊಡೆದಾಗ ಪಂಪ್ ಅದನ್ನು ಮೇಲಕ್ಕೆ ತಳ್ಳಿ ಬೇರಿಂಗ್‌ಗಳವರೆಗೆ ತಲುಪಿಸಲು ಒಂದಷ್ಟು ಹೊತ್ತು ಬೇಕು. ಅಲ್ಲಿಯವರೆಗೆ ಲೋಹಗಳ ನಡುವೆ ಇರುವುದು ಹಿಂದಿನ ದಿನದ ತೆಳು ಪದರ. ಇನ್ನೊಂದು ತೊಂದರೆಯೂ ಇದೆ. ತಣ್ಣನೆಯ ಎಂಜಿನ್‌ನಲ್ಲಿ ಪೆಟ್ರೋಲ್ ಚೆನ್ನಾಗಿ ಆವಿಯಾಗುವುದಿಲ್ಲ, ಹಾಗಾಗಿ ಹೆಚ್ಚು ಪೆಟ್ರೋಲ್ ಸುರಿಯಬೇಕಾಗುತ್ತದೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದು ಆಯಿಲ್‌ಗೆ ಬೆರೆಯುತ್ತದೆ.

ಹಿಂದೆ ಇದಕ್ಕೆ ಪರಿಹಾರಗಳು ಭಯಂಕರವಾಗಿದ್ದವು. ಅಲಾಸ್ಕದ ಕಡುಚಳಿಯಲ್ಲಿ ವಿಮಾನ ಹಾರಿಸುತ್ತಿದ್ದವರು ರಾತ್ರಿ ಎಂಜಿನ್ ಆಯಿಲ್ ಪೂರ್ತಿ ಬಸಿದು ಒಳಗಿಟ್ಟು, ಬೆಳಗ್ಗೆ ಕಾಯಿಸಿ ಮತ್ತೆ ಸುರಿಯುತ್ತಿದ್ದರು. ಕಾರ್ಬ್ಯುರೇಟರ್ ಕಾಲದ ಕಾರಿನಲ್ಲಿ ಚೋಕ್ ಎಳೆದು, ಎಂಜಿನ್ ಬಿಸಿಯಾಗುವವರೆಗೆ ಕಾಯದಿದ್ದರೆ ಗೇರ್ ಹಾಕಿದ ಕೂಡಲೇ ನಿಂತುಬಿಡುತ್ತಿತ್ತು. ಮೊದಲ ತಲೆಮಾರಿನ ಮಾರುತಿ 800 ಇಟ್ಟುಕೊಂಡಿದ್ದವರಿಗೆ ಚೋಕ್ ಚೆನ್ನಾಗಿ ನೆನಪಿರುತ್ತದೆ. ಆಕ್ಸಿಲರೇಟರ್ ತುಳಿದರೆ ಕಾರ್ಬ್ಯುರೇಟರ್‌ನ ಪುಟ್ಟ ಪಂಪ್ ಒಂದು ಚಿಮ್ಮು ಪೆಟ್ರೋಲ್ ಒಳಗೆ ಹಾಕುತ್ತಿತ್ತು. ದೊಡ್ಡಪ್ಪನ ಎರಡೂ ಸಲಹೆಗಳು ಬಂದದ್ದು ಇಲ್ಲಿಂದ.

ಈಗಿನ ಕಾರಿನಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ. ಎಂಜಿನ್ ಎಷ್ಟು ತಣ್ಣಗಿದೆ ಎಂದು ಸೆನ್ಸರ್ ಅಳೆದು, ಎಷ್ಟು ಪೆಟ್ರೋಲ್ ಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಕೀಲಿ ತಿರುಗಿಸುವ ಮುಂಚೆ ಪೆಡಲ್ ತುಳಿದರೆ ಏನೂ ಚಿಮ್ಮುವುದಿಲ್ಲ. ಆಯಿಲ್ ಕೂಡ ಬದಲಾಗಿದೆ. ಡಬ್ಬಿಯ ಮೇಲೆ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಎಂದಿದ್ದರೆ, ‘ಡಬ್ಲ್ಯೂ’ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. ಮುಂದಿನ ಅಂಕಿ ಬಿಸಿ ಎಂಜಿನ್‌ನಲ್ಲಿ ಅದರ ಮಂದ ಎಷ್ಟು ಎಂಬುದನ್ನು ಹೇಳುತ್ತದೆ. ನಮ್ಮೂರು ಬಿಸಿಲೂರು, ದಪ್ಪ ಆಯಿಲೇ ಒಳ್ಳೆಯದು ಎಂದು ಅಂಗಡಿಯವರು ಕೊಟ್ಟದ್ದನ್ನು ಹಾಕಿಸುವ ಮುಂಚೆ ಓನರ್ಸ್ ಮ್ಯಾನುಯಲ್ ತೆರೆದು ನೋಡಿ. ಎಂಜಿನ್ನಿನ ಒಳಗಿನ ಸಂದುಗಳನ್ನು ಲೆಕ್ಕ ಹಾಕಿದ್ದು ಅದರಲ್ಲಿ ಬರೆದ ಆಯಿಲ್‌ಗೆ.

ಹಾಗಾದರೆ ಎಷ್ಟು ಹೊತ್ತು ನಿಲ್ಲಿಸಬೇಕು? ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿಯೂ ಅರ್ಧ ನಿಮಿಷ ಸಾಕು. ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿಕೊಳ್ಳುವಷ್ಟರಲ್ಲಿ ಆಯಿಲ್ ಮೇಲೆ ತಲುಪಿರುತ್ತದೆ. ಆಮೇಲೆ ಐದಾರು ಕಿ.ಮೀ. ನಿಧಾನವಾಗಿ, ಎಂಜಿನ್ ಕಿರುಚದಂತೆ ಓಡಿಸಿ. ನಿಂತಲ್ಲೇ ಉರಿಯುವ ಎಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚಾಗಿ ಸುರಿಯುವ ಆ ಹಂತವೇ ಉದ್ದವಾಗುತ್ತದೆ. ಹತ್ತು ನಿಮಿಷ ಬಿಸಿ ಮಾಡುವವರು ಎಂಜಿನ್‌ಗೆ ಉಪಕಾರ ಮಾಡುತ್ತಿಲ್ಲ. ಸ್ಟಾರ್ಟ್ ಆದ ಕೂಡಲೇ ನಿಂತಲ್ಲೇ ರೇಸ್ ಮಾಡುವುದು ಇನ್ನೂ ಕೆಟ್ಟದ್ದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಂತೂ ಎಂಜಿನ್ ಓಡಿಸಿ ನಿಲ್ಲಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ಅದು ಜೀವ ತೆಗೆಯುತ್ತದೆ. ಈ ಲೇಖನದಲ್ಲಿ ಒಂದೇ ಸಾಲು ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ಎಂಜಿನ್ ಸವೆತದ 75 ಪ್ರತಿಶತ ಸ್ಟಾರ್ಟ್ ಮಾಡುವಾಗಲೇ ಆಗುತ್ತದೆ ಎಂಬ ಅಂಕಿಯೂ ಓಡಾಡುತ್ತಿರುತ್ತದೆ. ಆಯಿಲ್ ಜಾಹೀರಾತುಗಳಿಗೆ ಅದು ಬಹಳ ಇಷ್ಟ. ತಣ್ಣನೆಯ ಸ್ಟಾರ್ಟ್ ಸವೆತ ಹೆಚ್ಚಿಸುತ್ತದೆ ಎಂಬುದು ನಿಜ. ಆದರೆ ಎಂಜಿನ್, ಆಯಿಲ್, ಹವೆ, ಓಡಾಟ ಎಲ್ಲವೂ ಬೇರೆಬೇರೆ ಇರುವಾಗ ಎಲ್ಲ ಕಾರಿಗೂ ಒಂದೇ ಅಂಕಿ ಹೇಗೆ ಹೊಂದುತ್ತದೆ?

ಪೇಟೆಯ ಕಾರುಗಳಿಗೆ ನಿಜವಾದ ಶತ್ರು ಬೇರೆ. ಮನೆಯಿಂದ ಒಂದೂವರೆ ಕಿ.ಮೀ. ದೂರದ ಸ್ಕೂಲಿಗೆ ಹೋಗಿ ಬರುವ ಓಡಾಟ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆ ನೀರು, ಉರಿಯದ ಪೆಟ್ರೋಲ್ ಎರಡೂ ಆಯಿಲ್‌ನಲ್ಲೇ ಉಳಿಯುತ್ತವೆ. ಅದಕ್ಕೇ ಮ್ಯಾನುಯಲ್‌ಗಳು ಕಿ.ಮೀ. ಜೊತೆಗೆ ತಿಂಗಳ ಲೆಕ್ಕವನ್ನೂ ಹೇಳುತ್ತವೆ. ನಮ್ಮಲ್ಲಿ ಅನೇಕ ಪೆಟ್ರೋಲ್ ಕಾರುಗಳಿಗೆ ಅದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕಾರು ವರ್ಷಕ್ಕೆ 3,000 ಕಿ.ಮೀ. ಓಡಿದೆ, ಆಯಿಲ್ ಇನ್ನೂ ಹೊಸದೇ ಎಂದುಕೊಳ್ಳುವಂತಿಲ್ಲ.

ಕಪ್ಪು ಬಣ್ಣದ ವಿಷಯಕ್ಕೆ ಬಂದರೆ, ಆಯಿಲ್‌ಗೆ ಬೆರೆಸಿರುವ ಡಿಟರ್ಜೆಂಟ್‌ಗಳು ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತಮ್ಮಲ್ಲೇ ಹಿಡಿದಿಡುತ್ತವೆ. ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವ ಗುರುತು. ಡೀಸೆಲ್ ಕಾರಿನಲ್ಲಂತೂ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಬಣ್ಣಕ್ಕಿಂತ ಮಟ್ಟ ನೋಡಿ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಮಾತ್ರ ನೀರು ಸೇರಿದೆ ಎಂದರ್ಥ, ಆಗ ತಡಮಾಡದೆ ತೋರಿಸಿ. 500 ಕಿ.ಮೀ.ಗೇ ಆಯಿಲ್ ಬದಲಿಸುವ ರೂಢಿಗೂ ಕಾರಣವಿತ್ತು, ಹಳೆಯ ಹೊಸ ಎಂಜಿನ್‌ಗಳಲ್ಲಿ ಲೋಹದ ಪುಡಿ ಹೆಚ್ಚು ಉದುರುತ್ತಿತ್ತು. ಈಗ ಅನೇಕ ಕಂಪನಿಗಳ 1,000 ಕಿ.ಮೀ. ಸರ್ವಿಸ್ ಬರೀ ತಪಾಸಣೆ. ಆದರೆ ಮೊದಲ ಆಯಿಲನ್ನು ಬೇಗ ಬದಲಿಸಿ ಎನ್ನುವ ಮಾದರಿಗಳೂ ಇವೆ, ನಿಮ್ಮ ಮ್ಯಾನುಯಲ್ ಹೇಳಿದ್ದೇ ಸರಿ. ಬೇಗ ಬದಲಿಸಿದರೆ ಎಂಜಿನ್ ಹಾಳಾಗುವುದಿಲ್ಲ, ಜೇಬಿಗೆ ಖರ್ಚು ಅಷ್ಟೇ. ಅದಕ್ಕಿಂತ ಮುಖ್ಯ, ಮೊದಲ 1,000 ಕಿ.ಮೀ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸದಿರುವುದು, ಪೂರ್ತಿ ಆಕ್ಸಿಲರೇಟರ್ ತುಳಿಯದಿರುವುದು.

ಎಂಜಿನ್ ಸದ್ದು ಮತ್ತು ಸೀಸ

ಇಷ್ಟಕ್ಕೇ ನಿಲ್ಲಿಸಿದರೆ ಕೆಟರಿಂಗ್ ಕಥೆ ಬರೀ ಹೊಗಳಿಕೆಯಾಗುತ್ತದೆ. ಡೆಲ್ಕೊ ಜನರಲ್ ಮೋಟಾರ್ಸ್‌ಗೆ ಸೇರಿದ ಮೇಲೆ, 1920ರಿಂದ 1947ರವರೆಗೆ ಅವರು ಆ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರು. ತಾಮ್ರದ ರೆಕ್ಕೆಗಳಿಂದ ಗಾಳಿಯಲ್ಲೇ ತಣಿಯುವ ಎಂಜಿನ್ ಅವರ ಕನಸಿನ ಕೂಸಾಗಿತ್ತು. 1923ರಲ್ಲಿ ಆ ಷೆವರ್ಲೆ ಕಾರುಗಳನ್ನು ಕಂಪನಿ ವಾಪಸ್ ಪಡೆಯಬೇಕಾಯಿತು. ಬೇಸರದಿಂದ ರಾಜೀನಾಮೆಗೂ ಮುಂದಾಗಿ, ಆಮೇಲೆ ಉಳಿದುಕೊಂಡರು.

ಅದಕ್ಕಿಂತ ದೊಡ್ಡ ಅಧ್ಯಾಯ ಇನ್ನೊಂದಿದೆ. ಆಗಿನ ಎಂಜಿನ್‌ಗಳು ಏರು ಹತ್ತುವಾಗ ಟಕಟಕ ಸದ್ದು ಮಾಡುತ್ತಿದ್ದವು, ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದಕ್ಕೇ. ಜನ ಕೆಟರಿಂಗ್‌ರ ಇಗ್ನಿಷನ್ನನ್ನು ದೂರಿದರು. ತಪ್ಪು ಪೆಟ್ರೋಲ್‌ನದು ಎಂದು ತೋರಿಸಲು ಹೊರಟ ಹುಡುಕಾಟದಲ್ಲಿ ಅವರ ಸಹಾಯಕ ಥಾಮಸ್ ಮಿಜ್ಲಿ 1921ರ ಡಿಸೆಂಬರ್‌ನಲ್ಲಿ ಒಂದು ವಸ್ತು ಕಂಡುಕೊಂಡರು. ಟೆಟ್ರಾಈಥೈಲ್ ಲೆಡ್, ಸೀಸದ ಸಂಯುಕ್ತ. ಸ್ವಲ್ಪವೇ ಬೆರೆಸಿದರೂ ಸದ್ದು ನಿಲ್ಲುತ್ತಿತ್ತು. ಸೀಸ ವಿಷ ಎಂಬುದು ಆಗಲೇ ಎಲ್ಲರಿಗೂ ಗೊತ್ತಿದ್ದ ವಿಷಯ. ಆಲ್ಕೋಹಾಲ್ ಬೆರೆಸಿದರೂ ಸದ್ದು ಕಡಿಮೆಯಾಗುತ್ತದೆ ಎಂಬುದೂ ಆ ಪ್ರಯೋಗಾಲಯಕ್ಕೆ ಗೊತ್ತಿತ್ತು. ಇಂದು ನಮ್ಮ ಬಂಕ್‌ಗಳಲ್ಲಿ ಸಿಗುವ ಎಥನಾಲ್ ಮಿಶ್ರಿತ ಪೆಟ್ರೋಲ್ ನೆನಪಿಸಿಕೊಳ್ಳಿ. ಕಂಪನಿ ಆರಿಸಿಕೊಂಡದ್ದು ಸೀಸವನ್ನು. ಅದನ್ನು ಮಾರಲು 1924ರಲ್ಲಿ ಹುಟ್ಟಿದ ಈಥೈಲ್ ಕಂಪನಿಗೆ ಕೆಟರಿಂಗ್ ಅವರೇ ಅಧ್ಯಕ್ಷರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯೂ ಜೆರ್ಸಿಯ ಬೇವೇ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು, ಹಲವರು ಆಸ್ಪತ್ರೆ ಸೇರಿದರು. ಮಾರಾಟ ಕೆಲಕಾಲ ನಿಂತು, 1926ರಲ್ಲಿ ಮತ್ತೆ ಶುರುವಾಯಿತು. ಸೈಲೆನ್ಸರ್‌ನಿಂದ ಹೊರಬಂದ ಸೀಸ ಜಗತ್ತಿನ ಗಾಳಿ, ಮಣ್ಣು, ರಕ್ತ ಎಲ್ಲವನ್ನೂ ಸೇರಿತು. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದರಿಂದ ಆದ ಹಾನಿ ದಾಖಲಾಗಿದೆ. ಭಾರತದಲ್ಲಿ ಸೀಸವಿಲ್ಲದ ಪೆಟ್ರೋಲ್ ದೇಶದ ಎಲ್ಲ ಕಡೆ ಬಂದದ್ದು 2000ದಲ್ಲಿ. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯ, ಅದು ನಿಲ್ಲಿಸಿದ್ದು 2021ರಲ್ಲಿ. ಕೆಟರಿಂಗ್‌ರನ್ನು ಬರೀ ಖಳನಾಯಕ ಮಾಡುವ ವಿಡಿಯೊಗಳು ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಈ ಅಧ್ಯಾಯವನ್ನು ಬಿಟ್ಟು ಹೇಳುವ ಸ್ಫೂರ್ತಿ ಕಥೆಗಳು ಇನ್ನೂ ಕೆಟ್ಟವು. ಕೈ ಮುರಿಯುವುದು ಕಣ್ಣಿಗೆ ಕಾಣುತ್ತಿತ್ತು, ಅದನ್ನು ಅವರು ಸರಿಪಡಿಸಿದರು. ಕಾಣದ ಹಾನಿಯ ಬಗ್ಗೆ ಎಚ್ಚರಿಕೆ ಬಂದಾಗ ಮಾರಾಟದ ಪರ ನಿಂತರು.

ಅವರ ಪ್ರಯೋಗಾಲಯದಿಂದ ರೈಲುಗಳ ಡೀಸೆಲ್ ಎಂಜಿನ್ ಬಂತು, ಉಗಿಬಂಡಿಗಳ ಕಾಲ ಮುಗಿಯಿತು. ನ್ಯೂಯಾರ್ಕ್‌ನ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿರುವ ಕೆಟರಿಂಗ್ ಇವರೇ. 1958ರ ನವೆಂಬರ್ 25ರಂದು, 82ನೇ ವಯಸ್ಸಿನಲ್ಲಿ ಡೇಟನ್‌ನಲ್ಲಿ ತೀರಿಕೊಂಡರು.

ಈಗಿನ ಹಲವು ಕಾರುಗಳಲ್ಲಿ ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು, ಕ್ಲಚ್ ಒತ್ತಿದಾಗ ಅಥವಾ ಬ್ರೇಕ್ ಬಿಟ್ಟಾಗ ತಾನೇ ಹೊರಡುತ್ತದೆ. ದಿನಕ್ಕೆ ಇಷ್ಟು ಸಲ ಸ್ಟಾರ್ಟ್ ಆದರೆ ಎಂಜಿನ್ ಸವೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇವು ತಣ್ಣನೆಯ ಸ್ಟಾರ್ಟ್‌ಗಳಲ್ಲ. ಆಯಿಲ್ ಬಿಸಿಯಿದೆ, ಬೇರಿಂಗ್‌ಗಳ ನಡುವೆಯೇ ಇದೆ, ನಿಂತದ್ದು ನಿಮಿಷದ ಲೆಕ್ಕದಲ್ಲಿ. ಎಂಜಿನ್ ತಣ್ಣಗಿರುವಾಗ ಆ ವ್ಯವಸ್ಥೆ ಕೆಲಸವನ್ನೇ ಮಾಡುವುದಿಲ್ಲ. ಹೊರೆ ಬೀಳುವುದು ಸೆಲ್ಫ್ ಮೋಟಾರ್ ಮತ್ತು ಬ್ಯಾಟರಿ ಮೇಲೆ, ಅದಕ್ಕೇ ಇಂಥ ಕಾರುಗಳಲ್ಲಿ ಎರಡೂ ಗಟ್ಟಿಮುಟ್ಟಾಗಿರುತ್ತವೆ. ಮೂರ್ನಾಲ್ಕು ವರ್ಷದ ಮೇಲೆ ಬ್ಯಾಟರಿ ಬದಲಿಸುವಾಗ ಅಗ್ಗದ ಮಾಮೂಲಿ ಬ್ಯಾಟರಿ ಹಾಕಿಸಬೇಡಿ, ಹಳೆಯದರ ಮೇಲೆ ಇಎಫ್‌ಬಿ ಅಥವಾ ಎಜಿಎಂ ಎಂದು ಬರೆದಿದ್ದರೆ ಅದನ್ನೇ ಕೇಳಿ.